ಮೊದಲು ಒರಿಜಿನಲ್, ಆಮೇಲೆ ಕಾಪಿ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದೆ ಉಗುರಿನ ಸಂದಿಯಲ್ಲಿ ಗೆರೆಯಾಗಿ ಕೂತ ಜೆರಾಕ್ಸ್ ಪುಡಿಯ ಕಪ್ಪು ಅದು. ಆದರೆ ಅವರು ಕೈಗೆ ಕೊಟ್ಟ ಒಂದೇ ಒಂದು ಕಾಗದದ ಮೇಲೂ ಆ ಬೆರಳಿನ ಗುರುತು ಬಿದ್ದದ್ದನ್ನು ನಾನು ನೋಡಲಿಲ್ಲ. ಬೆರಳ ತುದಿಯಿಂದ ಅವರು ಕಾಗದವನ್ನು ಹಿಡಿಯುತ್ತಲೇ ಇರಲಿಲ್ಲ. ಎರಡು ಅಂಗೈಗಳ ನಡುವೆ, ಬಿಸಿ ತಟ್ಟೆ ಹಿಡಿದ ಹಾಗೆ, ಅಂಚಿನಲ್ಲಿ ಹಿಡಿಯುತ್ತಿದ್ದರು. ಮಷೀನಿನ ಮುಚ್ಚಳ ಎತ್ತಿ, ಗಾಜಿನ ಮೇಲೆ ಉಫ್ ಎಂದು ಒಮ್ಮೆ ಊದಿ, ಕಾಗದವನ್ನು ಮಲಗಿಸಿ ಮುಚ್ಚುತ್ತಿದ್ದರು. ಹಸಿರು ಬೆಳಕು ಅತ್ತಿಂದಿತ್ತ ಹಾಯುವಷ್ಟರಲ್ಲಿ ಅವರು ನಿಮ್ಮ ಕಾಗದವನ್ನು ಪೂರ್ತಿ ಓದಿ ಮುಗಿಸಿರುತ್ತಿದ್ದರು.

ಇದೇ ನನಗೆ ಸುತರಾಂ ಆಗದ ವಿಷಯ. ಜೆರಾಕ್ಸಿಗೆ ಕೊಟ್ಟ ಕಾಗದವನ್ನು ಓದಬಾರದು ಎಂಬುದು ಕನಿಷ್ಠ ಮರ್ಯಾದೆ ಎಂದು ನಾನು ತಿಳಿದಿದ್ದೆ. ಬ್ಯಾಂಕಿನಲ್ಲಿ ಆಫೀಸರಾಗಿದ್ದ ನಾನು ಗಿರಾಕಿಗಳ ಖಾತೆಯ ವಿಷಯವನ್ನು ಹೆಂಡತಿಯ ಹತ್ತಿರವೂ ಆಡುತ್ತಿರಲಿಲ್ಲ. ಇವರು ಓದುವುದಷ್ಟೇ ಅಲ್ಲ, ಓದಿದ್ದರ ಮೇಲೆ ಅಭಿಪ್ರಾಯವನ್ನೂ ಕೊಡುತ್ತಿದ್ದರು, ಅದೂ ಅಂಗಡಿಯ ಮುಂದೆ ನಿಂತ ನಾಲ್ಕು ಜನಕ್ಕೆ ಕೇಳುವ ಹಾಗೆ. ನನ್ನ ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಮೊದಲ ಸಲ ಅವರ ಕೈಗೆ ಕೊಟ್ಟ ದಿನ ಅವಳೂ ನನ್ನ ಜೊತೆಗಿದ್ದಳು.

"ಗಣಿತ ತೊಂಬತ್ತಾರು, ಭೇಷ್. ವಿಜ್ಞಾನ ತೊಂಬತ್ತೊಂದು. ಕನ್ನಡ ಎಪ್ಪತ್ತೊಂದಾ? ಯಾಕಮ್ಮ, ನಿಮ್ಮನೇಲಿ ಕನ್ನಡ ಮಾತಾಡಲ್ವಾ?"

ಮಗಳ ಮುಖ ಕೆಂಪಾಯಿತು. ಪಕ್ಕದ ಬೇಕರಿಯ ಮುಂದೆ ಪಫ್ಸ್ ತಿನ್ನುತ್ತಿದ್ದ ಹುಡುಗರು ತಿರುಗಿ ನೋಡಿದರು. "ಅಪ್ಪಾ, ಇನ್ಮೇಲೆ ಬೇರೆ ಅಂಗಡಿಗೆ ಹೋಗೋಣ" ಎಂದು ದಾರಿಯುದ್ದಕ್ಕೂ ಗೊಣಗಿದಳು. ನನಗೂ ಹಾಗೇ ಅನಿಸಿತ್ತು. ಆದರೆ ವಿಜಯನಗರದಲ್ಲಿ ನಮ್ಮ ಮನೆಗೆ ಹತ್ತಿರವಿದ್ದದ್ದು ಅದೊಂದೇ ಅಂಗಡಿ, ಮತ್ತು ಕಾಪಿಯ ಮೇಲೆ ಕಪ್ಪು ಪಟ್ಟೆ ಬೀಳದ ಮಷೀನು ಆ ಸುತ್ತಿನಲ್ಲಿ ಅವರದೊಂದೇ. ಮತ್ತೆ ಮತ್ತೆ ಅಲ್ಲಿಗೇ ಹೋದೆವು.

ಬಡಾವಣೆಯವರೆಲ್ಲ ಅವರನ್ನು ಯಜಮಾನ್ರು ಎಂದು ಕರೆಯುತ್ತಿದ್ದರು. ಈ ಬಡಾವಣೆ ಎದ್ದ ಹೊಸಹಳ್ಳಿ ನಿಜವಾಗಿ ಹಳ್ಳಿಯಾಗಿದ್ದ ಕಾಲದ ಒಕ್ಕಲು ಮನೆತನದವರು. ನಮ್ಮ ಮನೆಯಿರುವ ಸಾಲಿನಲ್ಲೇ ಎಲ್ಲೋ ಚಿಕ್ಕಂದಿನಲ್ಲಿ ಅವರೆಕಾಯಿ ಬಿಡಿಸಿದ್ದನ್ನು ಅವರು ಯಾವ ಬೇಸರವೂ ಇಲ್ಲದೆ ಹೇಳುತ್ತಿದ್ದರು. ಎಂಟಡಿ ಅಗಲದ ಆ ಅಂಗಡಿ, ಅದರ ಹಿಂದಿನ ಎರಡು ಕೋಣೆಯ ಮನೆ, ಹೆಂಡತಿ. ಅವರಿಗೆ ಉಳಿದದ್ದು ಅಷ್ಟು.

ಅಂಗಡಿಯಲ್ಲಿ ಒಂದು ಕ್ರಮವಿತ್ತು. ಕಾಪಿ ಬಂದ ಮೇಲೆ ಮೊದಲು ಒರಿಜಿನಲ್ಲನ್ನು ನಿಮ್ಮ ಕೈಗೆ ಕೊಡುತ್ತಿದ್ದರು. ನೀವು ಅದನ್ನು ಬ್ಯಾಗಿನೊಳಗೆ ಇಟ್ಟು, ಜಿಪ್ ಎಳೆಯುವವರೆಗೂ ಕಾಪಿಯನ್ನು ಕೊಡುತ್ತಿರಲಿಲ್ಲ. ಕಾಪಿ ಕೊಟ್ಟ ಮೇಲೆ ದುಡ್ಡು. ಯಾರಾದರೂ ಅವಸರದಲ್ಲಿ ಮೊದಲೇ ಚಿಲ್ಲರೆ ಚಾಚಿದರೆ ಮುಟ್ಟುತ್ತಿರಲಿಲ್ಲ. "ಮೊದಲು ಒರಿಜಿನಲ್ಲು, ಆಮೇಲೆ ಕಾಪಿ, ಆಮೇಲೆ ದುಡ್ಡು" ಎಂದು ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಿದ್ದರು. ಆಫೀಸಿಗೆ ತಡವಾಗುತ್ತಿದ್ದ ಬೆಳಿಗ್ಗೆಗಳಲ್ಲಿ ಈ ಪೂಜಾವಿಧಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಒಂದು ಸಂಜೆ ನಾನು ಕೆಂಗೇರಿಯ ನಮ್ಮ ಸೈಟಿನ ಕ್ರಯಪತ್ರವನ್ನು ಕಾಪಿ ಮಾಡಿಸಲು ಕೊಟ್ಟಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ಬರ್ತೀನಿ ಎಂದು ಮನೆಗೆ ಬಂದವನು ಟೀವಿ ನೋಡುತ್ತಾ ಮರೆತೇಬಿಟ್ಟೆ. ಮರುದಿನ ಬೆಳಿಗ್ಗೆ ಆರೂವರೆಗೆ ಗೇಟಿನ ಸದ್ದು. ಕ್ರಯಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಯಜಮಾನ್ರು ನಿಂತಿದ್ದರು.

"ಸಾರ್, ನಿಮ್ಮ ಸೈಟು ರಾತ್ರಿಯೆಲ್ಲ ನನ್ನ ಮಷೀನೊಳಗೆ ಮಲಗಿತ್ತು. ನಾನು ಮಲಗ್ಲಿಲ್ಲ. ಬ್ಯಾಂಕಲ್ಲಿ ಜನರ ಪತ್ರ ಇಟ್ಕೊಂಡು ಸಾಲ ಕೊಡೋರು ನೀವು, ನಿಮ್ಮದೇ ಪತ್ರ ಹಿಂಗೆ ಬಿಟ್ಟು ಬರ್ತೀರಲ್ಲ!"

ಹೆಂಡತಿ ನಗು ತಡೆಯಲಾರದೆ ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು. ಅವರು ಕಾಫಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, ಪತ್ರಗಳನ್ನು ಬೀರುವಿನ ಯಾವ ಅರೆಯಲ್ಲಿ ಇಡಬೇಕು ಎಂದು ಅವಳಿಗೆ ಪಾಠ ಹೇಳಿ ಹೋದರು. ಅವತ್ತಿಡೀ ದಿನ ನಾನು ಸಿಡಿಸಿಡಿ ಅನ್ನುತ್ತಲೇ ಇದ್ದೆ.

ಇನ್ನು ಕಾಲೇಜಿನ ವಿಷಯಕ್ಕೆ ಬರುತ್ತೇನೆ. ಎರಡು ಸಾವಿರದ ಐದು ಆರರ ಮಾತು. ನಾನು ಬ್ಯಾಂಕ್ ಆಫೀಸರ್, ಹೆಂಡತಿ ಹೈಸ್ಕೂಲಿನಲ್ಲಿ ಟೀಚರ್. ಸ್ವಂತ ಮನೆ, ಒಂದು ಚಿಕ್ಕ ಕಾರು, ಆ ಸೈಟು. ನೆಂಟರ ಕಣ್ಣಿಗೆ ನಾವು ಅನುಕೂಲಸ್ಥರು. ಮಗಳು ಪಿಯುಸಿಗೆ ಬರುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಇಂಜಿನಿಯರಿಂಗ್ ಕಾಲೇಜುಗಳ ಫೀಸು ವಿಚಾರಿಸಲು ಹೊರಟೆ ನೋಡಿ, ಅಲ್ಲಿಗೆ ಅನುಕೂಲವೆಲ್ಲ ಕರಗಿತು. ಫೀಸ್ ರಿಯಾಯಿತಿಯ ಯಾವ ಅರ್ಜಿ ತೆಗೆದರೂ ನಮ್ಮ ಆದಾಯ ಮಿತಿ ಮೀರಿದ್ದು. ಮ್ಯಾನೇಜ್‌ಮೆಂಟ್ ಸೀಟಿನ ರೇಟು ಕೇಳಿದರೆ ಅದೇ ಆದಾಯ ಕಡಲೆಪುರಿಗೂ ಸಾಲದು. ಯಾವ ಕಾಲೇಜಿನಲ್ಲೂ ರೇಟನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿ ಅಳಿಸುತ್ತಿದ್ದರು. ಬರೀ ಅರ್ಜಿ ಪುಸ್ತಕಕ್ಕೇ ಐನೂರು ರೂಪಾಯಿ. ಅಂಥ ಆರು ಪುಸ್ತಕ ಕೊಂಡಿದ್ದೆ. ನಯವಾದ ಕಾಗದ, ಹುಲ್ಲುಹಾಸಿನ ಮೇಲೆ ನಗುತ್ತಾ ಕೂತ ಹುಡುಗ ಹುಡುಗಿಯರು. ಕಾಲೇಜಿಗೆ ಹೋಗಿ ನೋಡಿದರೆ ಹುಲ್ಲಿರುವುದಿಲ್ಲ, ಜೆಸಿಬಿ ನಿಂತಿರುತ್ತದೆ.

"ನಿಮ್ಮಂಥೋರಿಗೇ ಸಾರ್ ಕಷ್ಟ" ಎಂದು ಯಜಮಾನ್ರು ನನ್ನ ಅರ್ಜಿಗಳನ್ನು ಕಾಪಿ ಮಾಡುತ್ತಾ ಹೇಳಿದ್ದರು. "ಇಲ್ದೋರಿಗೆ ಸ್ಕಾಲರ್‌ಶಿಪ್ಪು, ಇರೋರಿಗೆ ಸೂಟ್‌ಕೇಸು. ನಿಮಗೆ ಬರೀ ಅಪ್ಲಿಕೇಶನ್ನು."

ಮಗಳು ಸಿಇಟಿ ಬರೆದಿದ್ದಳು. ಸರ್ಕಾರದ ಆ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಖಾಸಗಿ ಕಾಲೇಜಿನಲ್ಲೂ ಸರ್ಕಾರಿ ಕೋಟಾದ ಸೀಟು ಸಿಗುತ್ತಿತ್ತು, ಅದರ ಫೀಸನ್ನು ಸಂಬಳದಲ್ಲೇ ಹೇಗೋ ಕಟ್ಟಬಹುದಿತ್ತು. ಬರದಿದ್ದರೆ ಆ ಪೆನ್ಸಿಲ್ ಚೀಟಿಯೇ ಗತಿ. ಪರೀಕ್ಷೆ ಮುಗಿಸಿ ಬಂದವಳು ಪೇಪರಿನಲ್ಲಿ ಬಂದ ಉತ್ತರಗಳೊಡನೆ ತನ್ನವನ್ನು ಹೋಲಿಸಿ ನೋಡಿ, ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಅವಳ ಅಳು ಕೇಳಿ ನಾನೂ ಹೆದರಿದೆ. ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಇನ್ನಷ್ಟು ಹೆದರಿಸಿದರು. "ಈಗ್ಲೇ ಬ್ಲಾಕ್ ಮಾಡಿ ಸಾರ್. ರಿಸಲ್ಟ್ ಬಂದ್ಮೇಲೆ ಎಲ್ಲರೂ ಓಡ್ತಾರೆ, ರೇಟು ಡಬಲ್ ಆಗುತ್ತೆ." ತಾವು ಮಗನಿಗೆ ಬ್ಲಾಕ್ ಮಾಡಿದ ಕಾಲೇಜಿನ ವಿಳಾಸವನ್ನೂ ಅವರೇ ಕೊಟ್ಟರು.

ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನೂ ದಾಟಿ ಎಲ್ಲೋ ಒಳಗಿದ್ದ ಆ ಕಾಲೇಜಿನ ಹೆಸರು ಬೇಡ. ನಾಲ್ಕೂವರೆ ಲಕ್ಷದ ಸೀಟು, ಒಂದು ಲಕ್ಷ ಅಡ್ವಾನ್ಸ್, ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡುಗಳೂ ಟೀಸಿಯೂ, ಎಲ್ಲವೂ ಒರಿಜಿನಲ್ಲೇ. ಕೊಡುವ ಮೊದಲು ಕಾಪಿ ಮಾಡಿಸಿಕೊಳ್ಳೋಣವೆಂದು ಯಜಮಾನ್ರ ಅಂಗಡಿಗೆ ಹೋದೆ.

"ಸಿಇಟಿ ರಿಸಲ್ಟೇ ಬಂದಿಲ್ಲ, ಇಷ್ಟು ಬೇಗ ಎಲ್ಲಿಗೆ ಸಾರ್ ಈ ಸೆಟ್ಟು?"

ಹೇಳಿದೆ. ಹೇಳಬಾರದಿತ್ತು. ಅವರು ಮಷೀನಿನ ಮುಚ್ಚಳದ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ದುಡ್ಡು ಕೊಡ್ತೀರಾ, ಕೊಡಿ, ನಿಮ್ಮ ದುಡ್ಡು. ಒರಿಜಿನಲ್ ಕೊಡ್ಬೇಡಿ. ಮಗೂಗೆ ರ‍್ಯಾಂಕ್ ಬಂದ್ರೆ ಏನ್ ತೋರಿಸ್ತೀರಾ? ಕೊಡಲೇಬೇಕು ಅಂದ್ರೆ ಕೊಟ್ಟಿದ್ದಕ್ಕೆ ಸೀಲು ಹಾಕಿಸ್ಕೊಂಡು ಬನ್ನಿ."

ಹಿಂದೆ ಮೂರು ಜನ ನಿಂತಿದ್ದರು. ನನಗೆ ರೇಗಿತು. "ಯಜಮಾನ್ರೇ, ನಾನು ದುಡ್ಡು ಕೊಡೋದು ಕಾಪಿಗೆ, ಸಲಹೆಗಲ್ಲ. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ" ಅಂದೆ. ಅವರು ಕಾಪಿ ಮಾಡಿದರು, ಎಂದಿನಂತೆ ಒರಿಜಿನಲ್ಲನ್ನು ಮೊದಲು ಕೊಟ್ಟರು, ನಾನು ಬ್ಯಾಗಿನ ಜಿಪ್ ಎಳೆಯುವವರೆಗೂ ಕಾದರು. ಮಧ್ಯಾಹ್ನದ ಹೊತ್ತಿಗೆ ಆ ಬ್ಯಾಗಿನಲ್ಲಿದ್ದದ್ದನ್ನೆಲ್ಲ ಕಾಲೇಜಿನ ಮೇನೇಜರ ಮೇಜಿನ ಮೇಲೆ ಇಟ್ಟು ಬಂದೆ. ಸೀಲು ಕೇಳಲಿಲ್ಲ. ಕೇಳಿದರೆ ನಮ್ಮನ್ನು ಅನುಮಾನದವರು ಅಂದುಕೊಂಡು ಸೀಟು ಇಲ್ಲ ಅಂದಾರು ಎಂಬ ಅಳುಕು. ಅಡ್ವಾನ್ಸಿಗೆ ಕೊಟ್ಟ ರಸೀದಿಯನ್ನು ಕೂಡ ಮನೆಗೆ ಬಂದ ಮೇಲೆಯೇ ಓದಿದೆ. ಅದರಲ್ಲಿ ಸೀಟಿನ ಮಾತೇ ಇರಲಿಲ್ಲ, ಕಟ್ಟಡ ನಿಧಿಗೆ ಸ್ವಇಚ್ಛೆಯ ಕಾಣಿಕೆ ಎಂದಿತ್ತು. ಸಾಲ ಕೊಡುವ ಮುಂಚೆ ಜನರ ಕಾಗದಗಳನ್ನು ಮೂರು ಸಲ ತಿರುವಿ ನೋಡುವ ನಾನು ಮಾಡಿದ ಕೆಲಸ ಅದು!

ಎರಡು ವಾರಕ್ಕೆ ಸಿಇಟಿ ಫಲಿತಾಂಶ ಬಂತು. ಮಗಳಿಗೆ ಎರಡು ಸಾವಿರದ ಆಸುಪಾಸಿನ ರ‍್ಯಾಂಕ್. ಒಳ್ಳೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಗುವುದು ಖಚಿತ. ಅವಳು ಉತ್ತರ ಹೋಲಿಸುವಾಗ ಬೇರೆಯೇ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ನೋಡಿಕೊಂಡು ಅತ್ತಿದ್ದಳಂತೆ. ನಾನು ಬೇಕರಿಯಿಂದ ಒಂದು ಕಿಲೋ ಮೈಸೂರ್‌ಪಾಕ್ ತಂದೆ. ಸೀಟು ಹಂಚುವ ಕೌನ್ಸೆಲಿಂಗಿಗೆ ಏನೇನು ತರಬೇಕೆಂಬ ಪಟ್ಟಿಯನ್ನು ಹೆಂಡತಿ ಗಟ್ಟಿಯಾಗಿ ಓದುತ್ತಿದ್ದಳು. "ಮೂಲ ಅಂಕಪಟ್ಟಿಗಳು" ಎಂಬಲ್ಲಿಗೆ ಬಂದು ನಿಲ್ಲಿಸಿ ನನ್ನ ಮುಖ ನೋಡಿದಳು.

ಕೌನ್ಸೆಲಿಂಗಿಗೆ ನಾಲ್ಕು ದಿನ ಉಳಿದಿತ್ತು. ಮರುದಿನ ಕಾಲೇಜಿಗೆ ಓಡಿದೆ. ಮೇನೇಜರು ಕೂರಲೂ ಹೇಳಲಿಲ್ಲ. "ಕ್ಯಾನ್ಸಲ್ ಮಾಡೋದಾದ್ರೆ ಪೂರ್ತಿ ಅಮೌಂಟ್ ಕಟ್ಟಬೇಕು ಸಾರ್. ನಿಮ್ಮಿಂದ ಒಂದು ಸೀಟ್ ವೇಸ್ಟ್ ಆಗುತ್ತಲ್ಲ. ಕಟ್ಟಿ, ತಗೊಂಡ್ಹೋಗಿ." ನಾನು ದನಿ ಏರಿಸಿದೆ. ಅವರು ಇನ್ನೂ ತಣ್ಣಗೆ ಕೇಳಿದರು, "ಅಷ್ಟಕ್ಕೂ ನಮಗೆ ಒರಿಜಿನಲ್ ಕೊಟ್ಟಿದೀರಾ ಅನ್ನೋದಕ್ಕೆ ನಿಮ್ಮತ್ರ ಏನಿದೆ?"

ಏನೂ ಇರಲಿಲ್ಲ. ಮನೆಗೆ ಬಂದು ಹೇಳಿದೆ. ಮಗಳು ಈ ಸಲ ಅಳಲಿಲ್ಲ. "ಅಪ್ಪಾ, ನಿಮಗೆ ನನ್ನ ಮೇಲೆ ನಂಬಿಕೆನೇ ಇರ್ಲಿಲ್ಲ ಅಲ್ವಾ?" ಎಂದು ಕೇಳಿ ಒಳಗೆ ಹೋದಳು. ಒಂದು ಲಕ್ಷ ಹೋದ ಸಂಕಟವೆಲ್ಲ ಆ ಮಾತಿನ ಮುಂದೆ ಏನೂ ಅಲ್ಲ ಅನಿಸಿತು.

"ಯಜಮಾನ್ರ ಹತ್ರ ಹೋಗಿ" ಅಂದಳು ಹೆಂಡತಿ.

"ಜೆರಾಕ್ಸ್ ಅಂಗಡಿಯವರು ಏನೇ ಮಾಡ್ತಾರೆ?"

"ಬೈತಾರೆ. ಮೊದಲು ಹೋಗಿ ಬೈಸ್ಕೊಳ್ಳಿ. ಆಮೇಲೆ ನೋಡೋಣ."

ಹೋದೆ. ಅಡ್ಮಿಶನ್ನಿನ ಕಾಲ, ಅಂಗಡಿಯ ಮುಂದೆ ಜನ ತುಂಬಿದ್ದರು. ನನ್ನ ಕಥೆಯನ್ನು ಅವರು ಮಷೀನು ನಿಲ್ಲಿಸದೆಯೇ ಕೇಳಿದರು. ಆಮೇಲೆ ಬೈದರು. ಚೆನ್ನಾಗಿಯೇ ಬೈದರು. "ಓದಿದೋರು ಸಾರ್ ನೀವು! ಸಾವಿರ ರೂಪಾಯಿ ಕುಕ್ಕರ್‌ಗೆ ಗ್ಯಾರಂಟಿ ಕಾರ್ಡ್ ಕೇಳ್ತೀರಾ, ಹನ್ನೆರಡು ವರ್ಷ ಮಗು ಓದಿದ್ದನ್ನ ಕೊಡುವಾಗ ಒಂದು ಸೀಲು ಕೇಳೋಕೆ ನಾಚಿಕೆನಾ?" ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಬೈಗುಳ ಮುಗಿದ ಮೇಲೆ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು.

"ಬರೀರಿ. ಕೋಪ ಮಾಡ್ಬೇಡಿ, ಕಾಗದದಲ್ಲಿ ಕೋಪ ಇರಬಾರ್ದು. ಇಂಥ ತಾರೀಖು ಇಷ್ಟು ಅಡ್ವಾನ್ಸು, ಇಂತಿಂಥ ಒರಿಜಿನಲ್ಲು ತಮ್ಮಲ್ಲಿ ಕೊಟ್ಟಿರ್ತೀವಿ. ಸರ್ಕಾರದ ಕೌನ್ಸೆಲಿಂಗಿಗೆ ಬೇಕಾಗಿರೋದ್ರಿಂದ ದಯವಿಟ್ಟು ವಾಪಸ್ ಕೊಡಿ. ವಂದನೆಗಳೊಂದಿಗೆ. ಅಷ್ಟೇ."

ಮರುದಿನ ಅವರು ಅಂಗಡಿಗೆ ಬೀಗ ಹಾಕಿದರು. ವರ್ಷದಲ್ಲಿ ಅವರಿಗೆ ನಾಲ್ಕು ಕಾಸು ಕಾಣುವುದು ಜೂನ್ ತಿಂಗಳಲ್ಲಿ ಮಾತ್ರ. ಬೀಗ ಹಾಕುವಾಗಲೇ ಇಬ್ಬರು ಬಂದು ವಾಪಸು ಹೋದದ್ದನ್ನು ನಾನು ನೋಡಿದೆ. ಕಾರು ಬೇಡ ಅಂದರು. ಕಾರಿನಲ್ಲಿ ಹೋದರೆ ಕಟ್ಟುವ ಶಕ್ತಿ ಇದೆ ಅಂದುಕೊಳ್ಳುತ್ತಾರಂತೆ. ಬಸ್ಸು ನಾಯಂಡಹಳ್ಳಿಯ ಹತ್ತಿರ ಅರ್ಧ ಗಂಟೆ ನಿಂತಿತು. ಆಗ ಅವರಾಗಿಯೇ ಮಾತು ತೆಗೆದರು.

"ನಮ್ಮಪ್ಪ ಓದಿರ್ಲಿಲ್ಲ ಸಾರ್. ಲೇಔಟ್ ಆಗುವಾಗ ಒಬ್ಬ ಬಂದು ಜಮೀನಿನ ಪತ್ರ ಕೊಡಿ, ನೋಡ್ಕೊಟ್ಬಿಡ್ತೀನಿ ಅಂದ. ಮನೇಗೆ ಬಂದೋನ್ನ ಅನುಮಾನ ಪಟ್ರೆ ಚೆನ್ನಾಗಿರಲ್ಲ ಅಂತ ಕೊಟ್ಬಿಟ್ರು. ಅವನು ವಾಪಸ್ ಕೊಡ್ಲೇ ಇಲ್ಲ. ಕೋರ್ಟಲ್ಲಿ ಜಡ್ಜು ಕೇಳಿದ್ದೂ ಅದೇ. ಕೊಟ್ಟಿದ್ದಕ್ಕೆ ಏನಿದೆ ಅಂತ."

ಓದದವರು ಮಾಡಿದ ತಪ್ಪನ್ನೇ ಎರಡು ಡಿಗ್ರಿ ಮಾಡಿದ ನಾನೂ ಮಾಡಿದ್ದೆ, ಅದೇ ದಾಕ್ಷಿಣ್ಯಕ್ಕೆ. ಕಿಟಕಿಯ ಕಡೆ ನೋಡುತ್ತಾ ಕೂತೆ.

ಕಾಲೇಜಿನಲ್ಲಿ ಅವರು ಮೇನೇಜರ ಕೋಣೆಯ ಕಡೆ ಸುಳಿಯಲೇ ಇಲ್ಲ. ಟಪಾಲು ತೆಗೆದುಕೊಳ್ಳುವ ಹುಡುಗಿಯ ಹತ್ತಿರ ಹೋಗಿ, "ಒಂದು ರಿಕ್ವೆಸ್ಟ್ ಲೆಟರ್ ಇದೆ ತಾಯಿ, ಕಾಪಿ ಮೇಲೆ ಒಂದು ಸೀಲ್ ಹಾಕ್ಕೊಡಮ್ಮ" ಅಂದರು. ಅವಳು ದಿನಕ್ಕೆ ನೂರು ಸೀಲು ಒತ್ತುವವಳು. ಓದದೆಯೇ ಒತ್ತಿ, ತಾರೀಖು ಹಾಕಿ, ಸಣ್ಣ ಸಹಿ ಮಾಡಿ ಕೊಟ್ಟಳು. ನಾನು ಅದನ್ನು ಹಿಡಿದುಕೊಂಡು ಮೇನೇಜರ ಕೋಣೆಗೆ ನುಗ್ಗಲು ಹೊರಟೆ. ಯಜಮಾನ್ರು ನನ್ನ ರಟ್ಟೆ ಹಿಡಿದು ಗೇಟಿನಿಂದ ಆಚೆ ಕರೆತಂದರು. ಎಲ್ಲ ಕಾಲೇಜುಗಳ ಮುಂದೆ ಇರುವ ಹಾಗೆ ಅಲ್ಲೂ ಒಂದು ಜೆರಾಕ್ಸ್ ಅಂಗಡಿಯಿತ್ತು.

"ಇಪ್ಪತ್ತು ಕಾಪಿ" ಅಂದರು. ಕಾಪಿಗಳನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, "ಪುಡಿ ಖಾಲಿಯಾಗಿದೆ ಕಣಪ್ಪ, ಜನರಿಗೆ ಹಿಂಗೆಲ್ಲ ಕೊಡಬಾರ್ದು" ಎಂದು ಆ ಅಂಗಡಿಯವನಿಗೂ ಬುದ್ಧಿ ಹೇಳಿದರು. ಆ ಸ್ಥಿತಿಯಲ್ಲೂ ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಮೇನೇಜರ ಕೋಣೆಯ ಹೊರಗೆ ಬೆಂಚುಗಳ ಮೇಲೆ ಹತ್ತು ಹದಿನೈದು ಅಪ್ಪ ಅಮ್ಮಂದಿರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಫೈಲು. ಎಲ್ಲರೂ ಥೇಟ್ ನನ್ನ ಹಾಗೇ. ಯಜಮಾನ್ರು ಅವರ ನಡುವೆ ಜಾಗ ಮಾಡಿಸಿಕೊಂಡು ಕೂತರು.

"ಸಾರ್, ಯಾವ ಬ್ರಾಂಚು? ಒರಿಜಿನಲ್ಲೂ ಕೊಡ್ತಾ ಇದೀರಾ? ಕೊಡಿ, ಕೊಡಿ, ನಾನೇನೂ ಬೇಡ ಅನ್ನಲ್ಲ. ಸುಮ್ನೆ ಇದೊಂದು ಓದಿ. ಇವರು ನಮ್ಮ ಏರಿಯಾದ ಬ್ಯಾಂಕ್ ಸಾಹೇಬ್ರು. ಮಗಳಿಗೆ ಎರಡು ಸಾವಿರದ ರ‍್ಯಾಂಕ್ ಬಂದಿದೆ, ಕೈಯಲ್ಲಿ ಮಾರ್ಕ್ಸ್ ಕಾರ್ಡಿಲ್ಲ. ಇಟ್ಕೊಳ್ಳಿ, ಇಟ್ಕೊಳ್ಳಿ, ಕಾಪಿ ಬೇಕಾದಷ್ಟಿದೆ."

ನನಗೆ ಭೂಮಿಗಿಳಿದು ಹೋಗುವಷ್ಟು ಅವಮಾನ. ಆದರೆ ಬೆಂಚಿನ ಮೇಲೆ ಒಬ್ಬರು ಓದಿ ಪಕ್ಕದವರಿಗೆ ಕೊಟ್ಟರು. ಒಬ್ಬ ಹೆಂಗಸು ಫೈಲಿನಿಂದ ಕೆಲವು ಹಾಳೆಗಳನ್ನು ತೆಗೆದು ತನ್ನ ವ್ಯಾನಿಟಿ ಬ್ಯಾಗಿಗೆ ಸೇರಿಸಿದಳು. ಅವಳನ್ನು ನೋಡಿ ಇನ್ನಿಬ್ಬರು ತೆಗೆದರು. ಒಬ್ಬರು ಎದ್ದು ಹೊರಟೇಹೋದರು. ಆಗ ಕೋಣೆಯ ಬಾಗಿಲು ತೆರೆಯಿತು.

"ಯಾರ್ರೀ ಅದು, ಇಲ್ಲಿ ಪಾಂಪ್ಲೆಟ್ ಹಂಚ್ತಾ ಇರೋದು?" ಎಂದು ಮೇನೇಜರು ಗದರಿದರು.

"ಪಾಂಪ್ಲೆಟ್ ಅಲ್ಲ ಸಾರ್, ನಮ್ಮ ರಿಕ್ವೆಸ್ಟು. ಮೇಲಿರೋದು ನಿಮ್ಮದೇ ಸೀಲು" ಎಂದು ಯಜಮಾನ್ರು ಎದ್ದು ನಿಂತು, ಅತ್ಯಂತ ವಿನಯದಿಂದ ಒಂದು ಕಾಪಿಯನ್ನು ಅವರಿಗೂ ಕೊಟ್ಟರು.

ಅರ್ಧ ಗಂಟೆಯಲ್ಲಿ ಅಟೆಂಡರ್ ಒಂದು ಲಕೋಟೆ ತಂದು ನನ್ನ ಕೈಗಿಟ್ಟ. ಯಜಮಾನ್ರು ಒಂದೊಂದನ್ನೂ ತೆಗೆಸಿ, ಬೆಳಕಿಗೆ ಹಿಡಿದು, ಒರಿಜಿನಲ್ಲೇ ಎಂದು ಖಚಿತ ಮಾಡಿಕೊಂಡು ನನ್ನ ಬ್ಯಾಗಿನ ಜಿಪ್ ತಾವೇ ಎಳೆದರು. ಅಡ್ವಾನ್ಸ್ ಮಾತ್ರ ಬರಲಿಲ್ಲ. ಕಾಣಿಕೆಯನ್ನು ವಾಪಸು ಕೊಡುವ ಪದ್ಧತಿ ಇಲ್ಲವಂತೆ. ಈಗಲೂ ಆ ದಾರಿಯಲ್ಲಿ ಹೋಗುವಾಗ ಆ ಕಟ್ಟಡ ಕಂಡರೆ, ಯಾವ ಮೂಲೆಯ ಇಟ್ಟಿಗೆ ನನ್ನದು ಎಂದು ನೋಡುತ್ತಾ ಒಳಗೊಳಗೇ ಉರಿಯುತ್ತೇನೆ.

ವಾಪಸು ಬಂದ ಮೇಲೆ ಅವರ ಕೈಗೆ ಐನೂರರ ಎರಡು ನೋಟು ಕೊಡಲು ಹೋದೆ. ಒಂದನ್ನು ತೆಗೆದುಕೊಂಡು ಇನ್ನೊಂದನ್ನು ವಾಪಸು ಕೊಟ್ಟರು. "ಒಂದಿನದ ವ್ಯಾಪಾರ ಹೋಗಿದೆ, ಅದನ್ನ ಬಿಡಕ್ಕಾಗಲ್ಲ. ಇದು ಸಾಕು" ಅಂದರು. ನನಗೆ ಅದು ಹಿಡಿಸಿತು. ಬೇಡ ಅಂದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಮಗಳಿಗೆ ಒಳ್ಳೆಯ ಕಾಲೇಜೇ ಸಿಕ್ಕಿತು. ಸಿಕ್ಕ ಮೇಲೆ ಖರ್ಚು ನಿಂತಿತು ಎಂದಲ್ಲ. ಸರ್ಕಾರಿ ಕೋಟಾದವರಿಗೂ ಅಭಿವೃದ್ಧಿ ಶುಲ್ಕ, ಲ್ಯಾಬ್ ಶುಲ್ಕ, ಅದು ಇದು ಎಂದು ಆರು ತಿಂಗಳಿಗೊಂದು ಹೊಸ ಹೆಸರು ಹುಟ್ಟುತ್ತಿತ್ತು. ಆಫೀಸಿನಲ್ಲಿ ಮರುಪಾವತಿಗೆಂದು ನಾನು ರಸೀದಿಗಳನ್ನು ಕಾಪಿ ಮಾಡಿಸಲು ಹೋದಾಗಲೆಲ್ಲ ಯಜಮಾನ್ರು ಓದುತ್ತಿದ್ದರು. "ಪ್ಲೇಸ್‌ಮೆಂಟ್ ಟ್ರೈನಿಂಗ್ ಫೀ, ಮೊದಲನೇ ವರ್ಷಕ್ಕೇನಾ? ಸೀಮಂತಕ್ಕೆ ಮುಂಚೆ ನಾಮಕರಣ ಮಾಡ್ತಾರಲ್ಲ ಸಾರ್!" ಈಗ ನನಗೆ ಅವರ ಮಾತು ಅಷ್ಟು ಕಿರಿಕಿರಿ ಆಗುತ್ತಿರಲಿಲ್ಲ. ಮಗಳು ಕಾಲೇಜಿನಿಂದ ಬರುವಾಗ ಅಂಗಡಿಯ ಮುಂದೆ ಹಾಯ್ದರೆ "ಅಂಕಲ್" ಎಂದು ಕೂಗಿ, ಸೆಮಿಸ್ಟರಿನ ಮಾರ್ಕ್ಸ್ ಕಾರ್ಡನ್ನು ಕಾಪಿಯ ಅಗತ್ಯವಿಲ್ಲದಿದ್ದರೂ ತೋರಿಸಿ ಬರುತ್ತಿದ್ದಳು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನಗೊಬ್ಬ ಮಗನೂ ಇದ್ದಾನೆ.

ಅವನು ಪಿಯುಸಿ ಮುಗಿಸುವ ಹೊತ್ತಿಗೆ ಬಡಾವಣೆಯಲ್ಲಿ ಮೆಟ್ರೋ ಕಂಬಗಳಿಗೆ ಗುಂಡಿ ತೋಡುತ್ತಿದ್ದರು. ರೇಟುಗಳೂ ಬೆಳೆದಿದ್ದವು. ಸಿಇಟಿಯಲ್ಲಿ ಅವನ ರ‍್ಯಾಂಕ್ ಮೂವತ್ತು ಸಾವಿರದ ಆಚೆ. ಅವನಿಗೆ ಬೇಕಾದದ್ದು ಕಂಪ್ಯೂಟರ್ ಸೈನ್ಸೇ, ಅಕ್ಕನ ಕಾಲೇಜಿಗಿಂತ ಕಡಿಮೆಯದು ಆಗದು. ಹೆಂಡತಿ ಬಿಎಸ್ಸಿ ಮಾಡಲಿ ಅಂದಳು, ಒಂದು ವರ್ಷ ಕಾದು ಮತ್ತೆ ಬರೆಯಲಿ ಅಂದಳು. ನಾನು ಕೇಳಲಿಲ್ಲ. ಆಫೀಸಿನಲ್ಲಿ ಯಾರ ಮಕ್ಕಳು ಎಲ್ಲೆಲ್ಲಿ ಎಂದು ದಿನಾ ನಡೆಯುವ ಮಾತಿನಲ್ಲಿ ಬಿಎಸ್ಸಿ ಎನ್ನಲು ನನಗೆ ಬಾಯಿ ಬರಲಿಲ್ಲ, ನಿಜ ಅದೇ. ಕೆಂಗೇರಿಯ ಸೈಟು ಮಾರಿದೆ. ಮತ್ತೆ ಪೆನ್ಸಿಲ್ ಚೀಟಿ, ಈ ಸಲ ರಸೀದಿಯೂ ಇಲ್ಲದ ನೋಟಿನ ಕಂತೆ. ಒರಿಜಿನಲ್ ಕೇಳಿದರು, ಕೊಟ್ಟೆ.

ಆದರೆ ಆ ಕಾಗದಗಳನ್ನು ಯಜಮಾನ್ರ ಅಂಗಡಿಯಲ್ಲಿ ಕಾಪಿ ಮಾಡಿಸುವ ಧೈರ್ಯವಾಗಲಿಲ್ಲ. ಅವರು ಓದುತ್ತಾರಲ್ಲ! ಸೈಟಿನ ಕ್ರಯಪತ್ರದ ಹೊಸ ಕರಡು, ಮಗನ ಮಾರ್ಕ್ಸ್ ಕಾರ್ಡು, ಎಲ್ಲವನ್ನೂ ಸ್ಕೂಟರಿನಲ್ಲಿ ಹೇರಿಕೊಂಡು ಬಾಪೂಜಿನಗರದವರೆಗೆ ಹೋಗಿ, ನನ್ನ ಗುರುತು ಪರಿಚಯ ಇಲ್ಲದ, ಕಣ್ಣೆತ್ತಿಯೂ ನೋಡದ ಒಬ್ಬ ಹುಡುಗನ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದೆ. ಹೆಂಡತಿಗೆ ಗೊತ್ತಾಯಿತು.

"ಆ ಮನುಷ್ಯನ ಮುಖ ನೋಡಕ್ಕಾಗದೇ ಇರೋ ಕೆಲಸ ಅಂತ ನಿಮಗೇ ಗೊತ್ತಿದೆ. ಗೊತ್ತಿದ್ದೂ ಯಾಕ್ರೀ ಮಾಡ್ತೀರಾ?" ಅಂದಳು. ನಾನು ಪೇಪರ್ ಬಿಡಿಸಿಕೊಂಡು ಕೂತೆ.

ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಒಮ್ಮೆ ಸೊಪ್ಪಿನ ಗಾಡಿಯ ಹತ್ತಿರ ಅವರೇ ಎದುರಾಗಿದ್ದರು. ಸ್ವಲ್ಪ ಇಳಿದುಹೋಗಿದ್ದರು. "ಏನ್ ಸಾರ್, ಕಾಣೋದೇ ಇಲ್ಲ? ಚಿಕ್ಕೋನದು ಈ ವರ್ಷ ಅಲ್ವಾ? ಜೂನಲ್ಲಿ ಬನ್ನಿ, ಸೆಟ್ ಮಾಡ್ಕೊಡ್ತೀನಿ" ಅಂದರು. ಬರ್ತೀನಿ ಯಜಮಾನ್ರೇ ಎಂದು ತಲೆಯಾಡಿಸಿ ಬಂದೆ. ಜೂನಿನಲ್ಲಿ ಅವರ ರಸ್ತೆಯನ್ನೇ ಬಿಟ್ಟು, ಒಂದು ಸುತ್ತು ಬಳಸಿ ಓಡಾಡಿದೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಂಡಿತು. ಅವರು ಎಂದೂ ಹಾಕದ ಕೋಟನ್ನು ಫೋಟೋಗೆ ಅಂಟಿಸಿದ್ದರು. ಯಾರೋ ಅಂದುಕೊಂಡು ಸ್ಕೂಟರ್ ಮುಂದಕ್ಕೆ ಓಡಿಸಿದವನು, ಸಿಗ್ನಲ್ಲಿನಲ್ಲಿ ಥಟ್ಟನೆ ಗುರುತು ಹತ್ತಿ ವಾಪಸು ಬಂದೆ. ಲಿವರ್ ಕೆಟ್ಟಿತ್ತಂತೆ, ಮೇ ತಿಂಗಳಿನಿಂದಲೇ ಮಲಗಿದ್ದರಂತೆ. ನಾಲ್ಕು ದಿನ ಕಳೆದು ಹೆಂಡತಿಯ ಜೊತೆ ಅವರ ಮನೆಗೆ ಹೋದೆ. ಅಂಗಡಿಯ ಹಿಂದಿನ ಆ ಎರಡು ಕೋಣೆಗೆ ನಾನು ಕಾಲಿಟ್ಟದ್ದು ಅದೇ ಮೊದಲು.

ಅವರ ಹೆಂಡತಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿದರು. ಅತ್ತು ಮುಗಿಸಿದ್ದರು, ದನಿ ಒಡೆದಿತ್ತು.

"ಡಾಕ್ಟ್ರು ಏಳಬಾರ್ದು ಅಂದಿದ್ರು. ಜೂನ್ ತಿಂಗಳು ಪೂರ್ತಿ ಕೇಳ್ಲಿಲ್ಲ. ಬ್ಯಾಂಕ್ ಸಾರ್ ಮಗಂದು ಈ ಸಲ ಅಡ್ಮಿಶನ್ನು, ಅವರು ಅವಸರದಲ್ಲಿ ಏನಾದ್ರೂ ಮಾಡ್ಕೊಂಡ್ಬಿಡ್ತಾರೆ, ಬರ್ತೀನಿ ಅಂದಿದಾರೆ, ನಾನು ಇರಬೇಕು ಅಂತ ದಿನಾ ಬೆಳಿಗ್ಗೆ ಹಿಡ್ಕೊಂಡ್ ಹೋಗಿ ಅಂಗಡೀಲಿ ಕೂರಿಸೋಕೆ ಹೇಳೋರು. ಮಷೀನ್ ಮುಟ್ಟೋಕೆ ಶಕ್ತಿ ಇರ್ಲಿಲ್ಲ. ಸುಮ್ನೆ ಕೂತಿರೋರು." ಅವರು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಸಿಕ್ತಾ ಸಾರ್, ಹುಡುಗಂಗೆ ಸೀಟು?"

"ಸಿಕ್ತಮ್ಮ" ಅಂದೆ.

"ಸದ್ಯ" ಅಂದರು ಆಕೆ. ಹೆಂಡತಿ ನನ್ನ ಕಡೆ ನೋಡಲಿಲ್ಲ. ಯಜಮಾನ್ರು ಅಂಗಡಿಯ ಬಾಗಿಲು ತೆಗೆಸಿಕೊಂಡು ನನಗಾಗಿ ಕಾದು ಕೂತಿದ್ದ ಆ ದಿನಗಳಲ್ಲೇ ನಾನು ಬಾಪೂಜಿನಗರದಲ್ಲಿ ಸಾಲಿನಲ್ಲಿ ನಿಂತಿದ್ದೆ.